ಫೀಡ್ ಕಡಿಮೆ ಮಾಡಿದರೂ ಎಂಡ್ ಮಿಲ್ ಯಾಕೆ ಬೇಗ ಸವೆಯುತ್ತೆ?

ಪ್ರಶ್ನೆ: ಗಂಗಾವತಿಯಲ್ಲಿ ರೈಸ್ ಮಿಲ್‌ಗಳಿಗೆ ಶಾಫ್ಟ್ ಮಾಡಿಕೊಡ್ತೀವಿ. ಇಎನ್8 (ಮಧ್ಯಮ ಕಾರ್ಬನ್ ಸ್ಟೀಲ್) ಶಾಫ್ಟಿಗೆ 10 ಎಂಎಂ ಕೀ ವೇ, ಅಂದರೆ ಕೀ ಕೂರುವ ಗಾಡಿ, ಹೊಡೆಯಲು 8 ಎಂಎಂ, ನಾಲ್ಕು ಫ್ಲೂಟಿನ (ಹಲ್ಲಿನ) ಕಾರ್ಬೈಡ್ ಎಂಡ್ ಮಿಲ್ ಅನ್ನೋ ತಿರುಗುವ ಕಟರ್ ಹಾಕಿದ್ದೇವೆ. 3200 ಆರ್‌ಪಿಎಂ, ಫೀಡ್ (ಕಟರ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 260 ಎಂಎಂ. ಕಟರ್ ಕಿರುಚುತ್ತೆ ಅಂತ ಫೀಡ್ ಡಯಲ್ ಶೇಕಡಾ 50ಕ್ಕೆ ಇಳಿಸಿದೆವು. ಆದರೂ ಅಂಚು ಬೇಗ ಹೋಗ್ತಿದೆ. ಇನ್ನೂ ಇಳಿಸಬೇಕಾ?

ಉತ್ತರ: ಬೇಡ. ಮೊದಲು ಒಂದು ಲೆಕ್ಕ ಹಾಕಿ. ಫೀಡನ್ನು ಆರ್‌ಪಿಎಂನಿಂದ ಭಾಗಿಸಿ, ಬಂದದ್ದನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ. ಅದೇ ಒಂದು ಹಲ್ಲಿನ ಚಿಪ್ ಲೋಡ್, ಅಂದರೆ ಒಂದು ಹಲ್ಲಿನ ಪಾಲಿಗೆ ಬರುವ ಚಿಪ್ಪಿನ (ಕೊಯ್ದ ಲೋಹದ ಚೂರಿನ) ದಪ್ಪ. ನಿಮ್ಮ 260ಕ್ಕೆ ಅದು ಸುಮಾರು 0.02 ಎಂಎಂ. ಆದರೆ ಡಯಲ್ 50ರಲ್ಲಿದೆ ಅಲ್ವಾ? ಹಾಗಾದರೆ ನಿಜವಾದ ಫೀಡ್ 130, ಒಂದು ಹಲ್ಲಿಗೆ ಸಿಗೋದು ಬರೀ 0.01.

ಬಡಿಗರ ಉಜ್ಜುಗೊರಡನ್ನು ನೋಡಿ. ಅಲಗು ಚೂರೂ ಹೊರಗೆ ಬರದಿದ್ದರೆ ಮರದ ಮೇಲೆ ಸುಮ್ನೆ ಜಾರುತ್ತೆ, ಹೊಟ್ಟು ಏಳೋದಿಲ್ಲ. ಇಲ್ಲೂ ಹಾಗೇ. ಕಾರ್ಬೈಡಿನ ಅಂಚು ಎಷ್ಟೇ ಚೂಪು ಅಂದರೂ ಸ್ವಲ್ಪ ದುಂಡಗಿರುತ್ತೆ. ಚಿಪ್ ಅದಕ್ಕಿಂತ ದಪ್ಪ ಇಲ್ಲದಿದ್ದರೆ ಹಲ್ಲು ಕೊಯ್ಯೋದಿಲ್ಲ, ಉಜ್ಜುತ್ತೆ. ಚಿಪ್ ಜೊತೆ ಹೊರಗೆ ಹೋಗಬೇಕಾದ ಬಿಸಿ ಕಟರಿನಲ್ಲೇ ಉಳಿಯುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಇನ್ನೂ ಕಷ್ಟ, ಉಜ್ಜಿದ ಜಾಗವೇ ಗಟ್ಟಿಯಾಗಿಬಿಡುತ್ತೆ.

ಈ ಸೈಜಿಗೆ, ಇಎನ್8ಗೆ 0.03ರಿಂದ ಶುರು ಮಾಡಬಹುದು. ನಿಮ್ಮ ಕಟರಿನ ಕ್ಯಾಟಲಾಗ್ ಬೇರೆ ಹೇಳಿದರೆ ಅದನ್ನೇ ನಂಬಿ. 3200 × 4 × 0.03, ಅಂದರೆ ಫೀಡ್ 384.

ಇದು ಪೂರ್ತಿ ಅಗಲಕ್ಕೆ ಸ್ಲಾಟ್ ಹೊಡೆಯುವಾಗಿನ ಮಾತು. ಆಮೇಲೆ 8ರಿಂದ 10ಕ್ಕೆ ತರಲು ಎರಡೂ ಬದಿ 1 ಎಂಎಂ ತೆಗೀತೀರಲ್ಲ, ಅಲ್ಲಿ ಬಹಳ ಜನ ಮೋಸ ಹೋಗ್ತಾರೆ. ಕಟರ್ ಬದಿಯಿಂದ ಸ್ವಲ್ಪವೇ ತಾಗಿದಾಗ ಚಿಪ್ ತೆಳ್ಳಗಾಗುತ್ತೆ. 8ರ ಕಟರಿಗೆ 1 ಎಂಎಂ ಕಟ್ ಕೊಟ್ಟರೆ ಲೆಕ್ಕದ ಮೂರರಲ್ಲಿ ಎರಡು ಪಾಲಷ್ಟೇ ದಪ್ಪ ಬರೋದು. ನಿಜವಾಗಿ 0.03 ಬೇಕು ಅಂದರೆ 0.045 ಲೆಕ್ಕ ಹಿಡಿಯಬೇಕು, ಫೀಡ್ 576.

ಕಟರನ್ನು ಹಿಡಿದಿರುವ ಕೊಲೆಟ್ಟನ್ನೂ ಒಮ್ಮೆ ನೋಡಿ. ಕಟರ್ ಓಲಾಡುತ್ತಾ ಅಂತ ತಿಳಿಯಲು ಅದಕ್ಕೆ ಡಯಲ್ ಗೇಜ್ ಇಟ್ಟು ಸ್ಪಿಂಡಲನ್ನು ಕೈಯಲ್ಲೇ ತಿರುಗಿಸಿ. ಮುಳ್ಳು 0.02 ಓಡಿದರೆ, 0.01 ಚಿಪ್ ಲೋಡಿನಲ್ಲಿ ಕೆಲವು ಹಲ್ಲು ಮುಟ್ಟೋದೇ ಇಲ್ಲ, ಉಳಿದವು ಎಲ್ಲಾ ಭಾರ ಹೊರುತ್ತವೆ. ನಿಮ್ಮ ಕಿರುಚಾಟಕ್ಕೆ ಇದೂ ಕಾರಣ ಇರಬಹುದು.

ಚಿಪ್ಪನ್ನು ಮೈಕ್ರೋಮೀಟರಿನಲ್ಲಿ ಅಳೆದು ಚಿಪ್ ಲೋಡ್ ಹೇಳೋಕೆ ಹೋಗಬೇಡಿ. ಕೊಯ್ಯುವಾಗ ಅದು ಒತ್ತಿಕೊಂಡು ದಪ್ಪಗಾಗಿರುತ್ತೆ. ಆಕಾರ ಮಾತ್ರ ನೋಡಿ. ಈಗ ನಿಮ್ಮ ಟ್ರೇನಲ್ಲಿ ಪುಡಿ ಬೀಳ್ತಿರಬೇಕು. ಸುರುಳಿಯಾದ ಸಣ್ಣ ಚೂರು ಬೀಳಬೇಕು.

ಹಳೇ ಶಾಫ್ಟಿನ ತುಂಡೊಂದನ್ನು ಕಟ್ಟಿ. ಹೊಸ ಕಟರ್ ಹಾಕಿ, ಆಳ ಕಡಿಮೆ ಇಟ್ಟು, ಡಯಲ್ 100ರಲ್ಲಿ 384 ಓಡಿಸಿ. ಸದ್ದು ಜಾಸ್ತಿ ಅನ್ನಿಸಿದರೆ ಆಳವನ್ನೋ ಆರ್‌ಪಿಎಂಅನ್ನೋ ಇಳಿಸಿ. ಆರ್‌ಪಿಎಂ ಇಳಿಸಿದರೆ ಫೀಡನ್ನು ಹೊಸದಾಗಿ ಲೆಕ್ಕ ಹಾಕಿ.