ಹಳೆಯ ರೇಸಿಂಗ್ ಕಾರ್ಟ್: ಎಂಜಿನ್ ಬಿಡಿ, ಚಾಸಿ ನೋಡಿ

ಹಳೆಯ ಕಾರ್ಟ್ (ರೇಸಿನ ಪುಟ್ಟ ತೆರೆದ ಗಾಡಿ) ಯಾವ ಕಂಪನಿಯದು, ಯಾವ ಇಸವಿಯದು ಎಂದು ಕೇಳುವವರು ಮೊದಲು ಕಳಿಸುವುದು ಎಂಜಿನ್ನಿನ ಫೋಟೊ. ಅದರಿಂದ ತಿಳಿಯುವುದು ಕಡಿಮೆ. ನಾಲ್ಕು ಬೋಲ್ಟ್ ಬಿಚ್ಚಿದರೆ ಎಂಜಿನ್ ಬದಲಾಗುತ್ತದೆ. ಮೆಕಲ್ಲಾಕ್ ಕಂಪನಿಯ ಎಂಸಿ-10 ಎಂಜಿನ್ ಬಂದದ್ದು 1959ರಲ್ಲಿ, ನಿಜ. ಅದು ಕೂತಿರುವ ಚಾಸಿ, ಅಂದರೆ ಪೈಪಿನ ಚೌಕಟ್ಟು, ಅದಕ್ಕಿಂತ ಹಳೆಯದೂ ಇರಬಹುದು, ಎಷ್ಟೋ ವರ್ಷ ಹೊಸದೂ ಇರಬಹುದು. ಸೀಟು, ಚಕ್ರ, ಸ್ಟಿಕರ್‌ಗಳ ಕಥೆಯೂ ಇಷ್ಟೆ. ಬೆಸುಗೆ ಹಾಕಿದ್ದನ್ನು ನಂಬಿ, ಬೋಲ್ಟ್ ಹಾಕಿದ್ದನ್ನು ಅನುಮಾನಿಸಿ.

ಮೊದಲ ಕೆಲಸ ಅಳತೆ. ಒಂದೆಡೆ ಬಣ್ಣ ತೆಗೆದು ಚಾಸಿ ಪೈಪಿನ ಹೊರವ್ಯಾಸಕ್ಕೆ ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ; ಬಣ್ಣದ ಮೇಲೆಯೇ ಅಳೆದರೆ 28 ಮಿ.ಮೀ. ಪೈಪು 28.6 ಅನ್ನಿಸಿಬಿಡುತ್ತದೆ. 25.4 ಅಥವಾ 28.6 ಬಂದರೆ ಇಂಚಿನ ಲೆಕ್ಕ: ಅಮೆರಿಕ ಅಥವಾ ಬ್ರಿಟನ್. ಸರಿಯಾಗಿ 28 ಅಥವಾ 30 ಬಂದರೆ ಯುರೋಪ್, ಹೆಚ್ಚಾಗಿ ಇಟಲಿ. ಬೋಲ್ಟಿನಲ್ಲಿ ಎಚ್ಚರ ಬೇಕು. 5/16 ಇಂಚಿನದು 7.94 ಮಿ.ಮೀ., ಕಣ್ಣಿಗೆ ಎಂ8ರಂತೆಯೇ (8 ಮಿ.ಮೀ. ಬೋಲ್ಟಿನಂತೆಯೇ) ಕಾಣುತ್ತದೆ. ನಟ್ ತಿರುಗಿಸಿ ಪರೀಕ್ಷಿಸಿದರೆ ಥ್ರೆಡ್ ಕೆಡುತ್ತದೆ. ಥ್ರೆಡ್ಡಿನ ಸುತ್ತುಗಳ ಅಂತರ ತೋರಿಸುವ ಪಿಚ್ ಗೇಜ್ ಇಡಿ. ಸಾಮಾನ್ಯ ಎಂ8 ಆದರೆ 1.25 ಮಿ.ಮೀ., ಇಂಚಿನ ಫೈನ್ ಥ್ರೆಡ್ ಆದರೆ ಇಂಚಿಗೆ 24 ಸುತ್ತು.

ಮುಂದಿನದು ಎಂಜಿನ್ನಿನ ಜಾಗ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಕಟ್ಟಿದ ಮೊದಲ ಕಾರ್ಟಿನಲ್ಲಿ ಎಂಜಿನ್ ಸೀಟಿನ ಹಿಂದಿತ್ತು. ಅಲ್ಲಿನದೇ ಅಜೂಸಾ ಊರಿನ ಗೋ ಕಾರ್ಟ್ ಕಂಪನಿಯ ಆರಂಭದ ಮಾದರಿಗಳೂ ಹಾಗೆಯೇ. ಎಂಜಿನ್ ಪಕ್ಕಕ್ಕೆ ಬಂದದ್ದು ಆಮೇಲೆ. ಆದರೆ ಎಂಜಿನ್ ಕೂರುವ ಮೌಂಟ್ ಮೂಲದ್ದೇ ಎಂದು ಖಚಿತವಾಗುವವರೆಗೆ ತೀರ್ಮಾನ ಬೇಡ. ಉಳಿದ ಜೋಡಣೆಗಳಲ್ಲೆಲ್ಲ ಹಿತ್ತಾಳೆ ಬಣ್ಣದ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಹಾಕುವ ಬೆಸುಗೆ) ಇದ್ದು, ಮೌಂಟಿನಲ್ಲೋ ಆಕ್ಸಲ್ ಬೇರಿಂಗ್ ಹಿಡಿಕೆಯಲ್ಲೋ ಮಾತ್ರ ಬೂದು ಮಿಗ್ ಬೆಸುಗೆ (ತಂತಿ ಕರಗಿಸುವ ವಿದ್ಯುತ್ ಬೆಸುಗೆ) ಕಂಡರೆ ಅದು ನಂತರದ ಕೈಕೆಲಸ. ಒಂದೇ ಚಕ್ರ ಎಳೆಯುತ್ತಿದ್ದ ಹಳೆಯ ಚಾಸಿಗೆ ಮುಂದೆ ಎರಡೂ ಚಕ್ರ ಎಳೆಯುವ ಆಕ್ಸಲ್ ಕೂರಿಸಿದಾಗ ಹೀಗಾಗುತ್ತದೆ.

ಚಾಸಿ ನಂಬರ್ ಹುಡುಕುವ ಮುಂಚೆ ದಯವಿಟ್ಟು ಸ್ಯಾಂಡ್‌ಬ್ಲಾಸ್ಟ್ (ಮರಳು ರಭಸದಿಂದ ಊದಿ ಬಣ್ಣ ತೆಗೆಯುವುದು) ಮಾಡಿಸಬೇಡಿ. ಆಳವಿಲ್ಲದೆ ಒತ್ತಿದ ನಂಬರ್ ಅದರಲ್ಲೇ ಅಳಿದುಹೋಗುತ್ತದೆ, ಮತ್ತೆ ಬರುವುದಿಲ್ಲ. ಪೇಂಟ್ ರಿಮೂವರ್ ಹಚ್ಚಿ, ಹಿತ್ತಾಳೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಸೀಮೆಸುಣ್ಣ ಸವರಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನಂಬರೇ ಇಲ್ಲದ ಚಾಸಿಗಳೂ ಬಹಳ. ಸೀಟಿನ ಪಟ್ಟಿಯ ಅಡಿ, ತಳದ ತಗಡಿನ ಮರೆಯಲ್ಲಿ ಉಳಿದಿರುವ ಎಲ್ಲಕ್ಕಿಂತ ಒಳಗಿನ ಪದರದ ಬಣ್ಣವನ್ನೂ ಬರೆದಿಟ್ಟುಕೊಳ್ಳಿ.

ಫೋಟೊ ಕಳಿಸುವುದಾದರೆ ಸೀಟು, ಎಂಜಿನ್, ತಗಡು ತೆಗೆದು ನೆತ್ತಿಯ ಮೇಲಿನಿಂದ ಒಂದು ತೆಗೆಯಿರಿ. ಪೈಪುಗಳ ಬಾಗು ಆ ಕಾಲದ ಕ್ಯಾಟಲಾಗ್ ಚಿತ್ರಕ್ಕೆ ಹೋಲಿಸಲು ಇದೇ ಬೇಕು. ಜೊತೆಗೆ ಎರಡು ಬದಿಯ ವೀಲ್‌ಬೇಸ್ (ಮುಂಚಕ್ರ–ಹಿಂಚಕ್ರಗಳ ನಡುವಿನ ಅಂತರ), ಮುಂಚಕ್ರ ಕೂರುವ ಕಡ್ಡಿಯಾದ ಸ್ಪಿಂಡಲ್ಲಿನ ಹತ್ತಿರದ ಚಿತ್ರ.