ಹೋಟೆಲ್ ಊಟದ ಫೋಟೋ: ತೆಗೆಯುವುದು ಬೇರೆ, ತೋರಿಸುವುದು ಬೇರೆ

ಮಸಾಲೆ ದೋಸೆ ಮೇಜಿಗೆ ಬಂದ ಮೇಲೆ ಅದರ ಗರಿಗರಿ ಉಳಿಯುವುದು ಕೆಲವೇ ನಿಮಿಷ. ಅಷ್ಟರೊಳಗೆ ಚಟ್ನಿ ಬಟ್ಟಲನ್ನು ಸರಿಸಿ, ಕಾಫಿ ಲೋಟವನ್ನು ಹತ್ತಿರಕ್ಕೆ ಎಳೆದು, ಎದುರಿಗೆ ಕುಳಿತವರಿಗೆ ‘ಸ್ವಲ್ಪ ತಡೀರಿ’ ಎಂದು ಹೇಳಿ ಫೋಟೋ ತೆಗೆಯುವವರನ್ನು ಕಂಡರೆ ಹಿರಿಯರು ಮೂಗು ಮುರಿಯುತ್ತಾರೆ. ಮಕ್ಕಳನ್ನು ಆಪ್ತಸಮಾಲೋಚನೆಗೆ ಕರೆತರುವ ತಂದೆತಾಯಿಯರ ದೂರುಗಳಲ್ಲಿಯೂ ಇದು ಆಗಾಗ ಸೇರಿರುತ್ತದೆ. ಆದರೆ ಊಟದ ಫೋಟೋ ತೆಗೆಯುವುದೇ ಮನಸ್ಸಿಗೆ ಹಾನಿಕರ ಎಂಬ ಮಾತನ್ನು ಸಂಶೋಧನೆಗಳು ಸಮರ್ಥಿಸುವುದಿಲ್ಲ.

ಸಂಶೋಧಕರಾದ ಕ್ರಿಸ್ಟಿನ್ ಡೀಲ್, ಗಾಲ್ ಝೌಬರ್‌ಮನ್ ಮತ್ತು ಅಲಿಕ್ಸಾಂಡ್ರಾ ಬರಾಷ್ ಅವರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಸ್ಸಿನಲ್ಲಿ ಕುಳಿತು ಊರು ನೋಡಿದವರಿರಲಿ, ಫುಡ್ ಕೋರ್ಟಿನಲ್ಲಿ ಊಟ ಮಾಡಿದವರಿರಲಿ, ಫೋಟೋ ತೆಗೆದವರು ಆ ಅನುಭವದಲ್ಲಿ ಹೆಚ್ಚು ತೊಡಗಿಕೊಂಡಿದ್ದು ಕಂಡುಬಂತು. ಚಿತ್ರ ತೆಗೆಯಲು ಹೊರಟ ಕಣ್ಣು ತಟ್ಟೆಯನ್ನು ಹೆಚ್ಚು ಗಮನವಿಟ್ಟು ನೋಡುತ್ತದೆ ಎಂಬುದು ಅವರ ವಿವರಣೆಯ ಸಾರ. ಇದೇ ಸಂಶೋಧಕರು 2018ರಲ್ಲಿ ಪ್ರಶ್ನೆಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ತಮ್ಮ ನೆನಪಿಗೆಂದು ಫೋಟೋ ತೆಗೆದವರಿಗೆ ಹೋಲಿಸಿದರೆ, ಸಾಮಾಜಿಕ ಜಾಲತಾಣದಲ್ಲಿ ಹಾಕುವ ಉದ್ದೇಶದಿಂದಲೇ ತೆಗೆದವರಿಗೆ ಆ ಗಳಿಗೆಯ ಸಂತೋಷ ಕಡಿಮೆಯಾಗಿತ್ತು. ನೋಡಿದವರು ತನ್ನ ಬಗ್ಗೆ ಏನೆಂದುಕೊಳ್ಳುತ್ತಾರೋ ಎಂಬ ಲೆಕ್ಕಾಚಾರ ತುತ್ತು ಬಾಯಿಗೆ ಹೋಗುವ ಮೊದಲೇ ಶುರುವಾಗಿರುತ್ತದೆ ಎಂಬುದೇ ಇದಕ್ಕೆ ಕಾರಣ.

ನಮ್ಮಲ್ಲಿ ಈ ಲೆಕ್ಕಾಚಾರಕ್ಕೆ ಇನ್ನೊಂದು ಮುಖವಿದೆ. ಮಾಂಸಾಹಾರ ನಿಷಿದ್ಧವಾದ ಮನೆಯಿಂದ ಬಂದು ಬೆಂಗಳೂರಿನ ಪಿಜಿಯಲ್ಲಿರುವ ಹುಡುಗನೊಬ್ಬ ಸ್ನೇಹಿತರೊಂದಿಗೆ ಬಿರಿಯಾನಿ ತಿನ್ನಲು ಹೋಗುತ್ತಾನೆ ಎಂದುಕೊಳ್ಳಿ. ಇದು ಯಾರೊಬ್ಬರ ಕಥೆಯೂ ಅಲ್ಲ, ಹಲವರಿಂದ ಕೇಳಿದ್ದನ್ನು ಒಂದುಗೂಡಿಸಿ ಬರೆದದ್ದು. ವಾಟ್ಸ್ಆ್ಯಪ್ ಸ್ಟೇಟಸ್ ಚಿಕ್ಕಪ್ಪ, ಸೋದರತ್ತೆಯರಿಗೆ ಕಾಣದಂತೆ ಅವನು ಮೊದಲೇ ವ್ಯವಸ್ಥೆ ಮಾಡಿಕೊಂಡಿರುತ್ತಾನೆ. ಅಷ್ಟರಲ್ಲಿ ಗೆಳೆಯನೊಬ್ಬ ಇನ್‌ಸ್ಟಾಗ್ರಾಮಿನಲ್ಲಿ ಅದೇ ಮೇಜಿನ ಫೋಟೋ ಹಾಕಿ ಇವನ ಹೆಸರನ್ನು ಟ್ಯಾಗ್ ಮಾಡುತ್ತಾನೆ. ಊಟದ ಉಳಿದ ಹೊತ್ತೆಲ್ಲ ‘ಲೋ, ಅದನ್ನು ತೆಗೆಯೋ ಮಾರಾಯ’ ಎಂದು ಗೋಗರೆಯುವುದರಲ್ಲಿ, ಊರಿನ ಬಂಧುಗಳಲ್ಲಿ ಯಾರು ಅದನ್ನು ಈಗಾಗಲೇ ನೋಡಿರಬಹುದು ಎಂಬ ಚಿಂತೆಯಲ್ಲಿ ಕಳೆದುಹೋಗುತ್ತದೆ. ಆತಂಕದ ಸ್ವಭಾವವುಳ್ಳವರಲ್ಲಿ ಇಂಥದ್ದೊಂದು ಪ್ರಸಂಗ ವಾರಗಟ್ಟಲೆ ನಿದ್ದೆ ಕೆಡಿಸಬಲ್ಲದು. ಆದ್ದರಿಂದ ಜೊತೆಯಲ್ಲಿ ಕುಳಿತವರನ್ನು ಒಂದು ಮಾತು ಕೇಳದೆ ಮೇಜಿನ ಚಿತ್ರ ಹಾಕುವುದು ಬರೀ ಶಿಷ್ಟಾಚಾರದ ಲೋಪವೆಂದು ನನಗೆ ಅನಿಸುವುದಿಲ್ಲ.

ಹಾಕಿದ ಮೇಲಿನ ಕಾಯುವಿಕೆಯೂ ಕಡಿಮೆಯದಲ್ಲ. ಇನ್‌ಸ್ಟಾಗ್ರಾಮಿನ ಸ್ಟೋರಿ 24 ಗಂಟೆ ಇರುತ್ತದೆ. ಯಾರು ನೋಡಿದರು ಎಂಬ ಪಟ್ಟಿ ಅದರ ಕೆಳಗೇ ಸಿಗುತ್ತದೆ. ಲೈಕುಗಳ ಸಂಖ್ಯೆಯನ್ನು ಮರೆಮಾಡುವ ಆಯ್ಕೆಯನ್ನು ಇನ್‌ಸ್ಟಾಗ್ರಾಮ್ 2021ರಲ್ಲಿ ಎಲ್ಲರಿಗೂ ಕೊಟ್ಟಿದ್ದರೂ ನೋಡಿದವರ ಪಟ್ಟಿಯನ್ನು ಮತ್ತೆ ಮತ್ತೆ ತೆರೆಯುವ ಕೈ ಅದರಿಂದ ನಿಲ್ಲುವುದಿಲ್ಲ. ನಾಲಿಗೆ ಬಯಸಿದ್ದನ್ನು ಬಿಟ್ಟು ಚಿತ್ರದಲ್ಲಿ ಚೆನ್ನಾಗಿ ಕಾಣುವುದನ್ನೇ ಆರ್ಡರ್ ಮಾಡುವುದು, ಹತ್ತಿರದ ದರ್ಶಿನಿಯ ಇಡ್ಲಿ ಇಷ್ಟವಿದ್ದರೂ ಅದನ್ನು ಯಾರೂ ಮೆಚ್ಚುವುದಿಲ್ಲವೆಂದು ಜೇಬಿಗೆ ಭಾರವಾಗುವ ಕಡೆಗೆ ಹೋಗುವುದು, ನಿರೀಕ್ಷಿಸಿದ ಒಬ್ಬರು ನೋಡಲಿಲ್ಲವೆಂದು ಚಿತ್ರವನ್ನೇ ಅಳಿಸುವುದು, ಇವನ್ನೆಲ್ಲ ನಾನು ಸಮಾಲೋಚನೆಯಲ್ಲಿ ವಿಚಾರಿಸಿ ತಿಳಿದುಕೊಳ್ಳುತ್ತೇನೆ.

ಹಾಗೆಂದು ಹಂಚಿಕೊಳ್ಳುವುದೆಲ್ಲ ಒಂದೇ ತೂಕದ್ದಲ್ಲ. ನ್ಯೂಜೆರ್ಸಿಯಲ್ಲಿ ಒಬ್ಬಳೇ ಇರುವ ಮಗಳು ತಾನು ತಿಂದ ಊಟದ ಫೋಟೋವನ್ನು ಶಿವಮೊಗ್ಗದ ಅಮ್ಮನಿಗೆ ಕಳುಹಿಸಿ, ‘ಅನ್ನ ಸ್ವಲ್ಪವೇ ಹಾಕಿದಾರಲ್ಲೇ’ ಎಂಬ ಉತ್ತರ ಪಡೆಯುವುದರಲ್ಲಿ ಪ್ರದರ್ಶನವಿಲ್ಲ. ಅದು ಜೊತೆಗೆ ಕುಳಿತು ಉಣ್ಣುವುದರ ಇನ್ನೊಂದು ರೂಪ. ಚಿಕಿತ್ಸೆಯಲ್ಲಿ ನಾವೇ ಕೆಲವರಿಗೆ ಪ್ರತಿ ಹೊತ್ತಿನ ತಟ್ಟೆಯ ಫೋಟೋ ತೆಗೆದಿಡಲು ಹೇಳುವುದುಂಟು. ಅದನ್ನು ನೋಡುವವರು ಅವರು ಮತ್ತು ಚಿಕಿತ್ಸಕರು ಮಾತ್ರ.

ಹೆಚ್ಚು ಎಚ್ಚರ ಬೇಕಾದದ್ದು ಆಹಾರಸೇವನೆಯ ತೊಂದರೆ ಇರುವವರ ವಿಷಯದಲ್ಲಿ. ಕೇಕು, ಐಸ್‌ಕ್ರೀಮುಗಳ ಚಿತ್ರವನ್ನು ಉತ್ಸಾಹದಿಂದ ಹಾಕಿ ಅದನ್ನು ಮುಟ್ಟದೆ ಎದ್ದುಬರುವುದು, ಹಾಕಿದ ಚಿತ್ರಕ್ಕೆ ‘ಇಷ್ಟೊಂದಾ?’ ಎಂಬ ಒಂದು ಕಮೆಂಟ್ ಬಂದರೆ ಮರುದಿನವೆಲ್ಲ ಉಪವಾಸ ಮಾಡುವುದು, ಕ್ಯಾಲೊರಿ ಎಣಿಸುವ ಖಾತೆಗಳನ್ನೇ ಹುಡುಕಿ ನೋಡುವುದು ಕಂಡುಬಂದರೆ ಮನೆಯವರು ಫೋನ್ ಕಸಿದುಕೊಳ್ಳುವ ಬದಲು ವೈದ್ಯರನ್ನು ಕಾಣಬೇಕು. ಫೋನ್ ಹೋದ ಮಾತ್ರಕ್ಕೆ ತೊಂದರೆ ಹೋಗುವುದಿಲ್ಲ, ಅದು ಕಣ್ಣಿಗೆ ಬೀಳದಂತಾಗುತ್ತದೆ ಅಷ್ಟೆ.

ಉಳಿದವರಿಗೆ ನಾನು ಸಾಮಾನ್ಯವಾಗಿ ಕೊಡುವ ಸಲಹೆ ಬಹಳ ಸರಳ: ಬೇಕೆನಿಸಿದರೆ ಫೋಟೋ ತೆಗೆಯಿರಿ, ಫೋನನ್ನು ಮೇಜಿನ ಮೇಲಿಡದೆ ಚೀಲಕ್ಕೆ ಹಾಕಿ, ಹಂಚುವುದೋ ಬೇಡವೋ ಎಂಬುದನ್ನು ಮನೆಗೆ ಹೋದ ಮೇಲೆ ತೀರ್ಮಾನಿಸಿ. ಅಷ್ಟು ಹೊತ್ತಿಗೆ ಹಲವರಿಗೆ ಹಂಚುವ ಆತುರ ತಾನಾಗಿಯೇ ಇಳಿದಿರುತ್ತದೆ. ಪ್ರಯತ್ನಪಟ್ಟರೂ ತಡೆಯಲಾಗುತ್ತಿಲ್ಲ, ಊಟ, ನಿದ್ದೆ, ಕೆಲಸಗಳ ಮೇಲೆ ಪರಿಣಾಮವಾಗುತ್ತಿದೆ ಎನ್ನುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ, ಫೋನ್, ಇಂಟರ್ನೆಟ್‌ಗಳ ಅತಿಬಳಕೆಗೆ ಚಿಕಿತ್ಸೆ ನೀಡುವ ಶಟ್ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.