ಲಾರಿಗೆ ಟೈಮ್ ಕೊಟ್ಟರೆ ಲಾರಿ ಟೈಮಿಗೆ ಬರುತ್ತಾ?

ಪ್ರಶ್ನೆ: ನಮ್ಮದು ಕುಶಾಲನಗರದ ಹತ್ತಿರ ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಬೇರೆ ಮಾಡುವ ಕಾರ್ಖಾನೆ. ಗಾಡಿ ನಿಲ್ಲಿಸಿ ಚೀಲ ಇಳಿಸಲು, ತುಂಬಲು ಎರಡು ಲೋಡಿಂಗ್ ಕಟ್ಟೆ ಇದೆ. ಜನವರಿಯಿಂದ ಮಾರ್ಚ್ ತನಕ ಗೇಟಿನ ಹೊರಗೆ ದಿನಾ ಲಾರಿ, ಪಿಕಪ್‌ಗಳ ಸಾಲು. ಗಾಡಿಗಳಿಗೆ ಮೊದಲೇ ಟೈಮ್ ಕೊಡುವ ಸಾಫ್ಟ್‌ವೇರ್ ಮಾಡಿಸೋಣ ಅಂತ ಮಗಳು ಹೇಳುತ್ತಿದ್ದಾಳೆ. ಆದರೆ ನಮ್ಮ ಕಡೆಯ ಡ್ರೈವರ್‌ಗಳು ಟೈಮಿಗೆ ಬರುವವರಲ್ಲ. ದುಡ್ಡು ದಂಡ ಅಲ್ವಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಮಾಡಿಸಿ. ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡುವ ಮುಂಚೆ ಗೇಟಿನಲ್ಲಿ ಎರಡು ವಾರ ಒಂದು ಪುಸ್ತಕ ಇಡಬೇಕು, ಅದರ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆ ಡ್ರೈವರ್‌ಗಳ ಮಾತು ಮುಗಿಸೋಣ. ಇದೇ ಮಾತನ್ನು ನಾನು ಸುಂಟಿಕೊಪ್ಪದಲ್ಲಿ ಕೇಳಿದ್ದೇನೆ, ಗೋಣಿಕೊಪ್ಪದಲ್ಲಿ ಕೇಳಿದ್ದೇನೆ, ಈ ಸೀಸನ್‌ನಲ್ಲಿ ಫೋನಿನಲ್ಲೂ ಕೇಳಿದ್ದೇನೆ. ಪ್ರತಿ ಸಲ ಅದೇ ಉತ್ತರ ಕೊಟ್ಟಿದ್ದೇನೆ. ಇನ್ನೊಮ್ಮೆ, ಈ ಸಲ ಪೂರ್ತಿಯಾಗಿ ಬರೆಯುತ್ತೇನೆ.

ಸಾಫ್ಟ್‌ವೇರ್ ಕೆಲಸಕ್ಕೆ ಬರುವ ಮುಂಚೆ ಆರು ಸೀಸನ್ ನಾನು ಗೇಟಿನಲ್ಲಿ ಕೂತು ರಿಜಿಸ್ಟರ್ ಬರೆದಿದ್ದೇನೆ. ಬೆಳಿಗ್ಗೆ ಐದಕ್ಕೆ ಬಂದು ನೋಡಿ. ಜನವರಿಯ ಚಳಿ, ಎದುರಿಗೆ ಹತ್ತಡಿ ಕಾಣದ ಮಂಜು. ಆ ಹೊತ್ತಿಗೇ ಗೇಟಿನ ಮುಂದೆ ಎಂಟು ಗಾಡಿ ನಿಂತಿರುತ್ತವೆ. ಕಟ್ಟೆ ತೆರೆಯುವುದು ಎಂಟು ಗಂಟೆಗೆ. ಮೂರು ಗಂಟೆ ಮುಂಚೆ ಬಂದು ನಿಲ್ಲುವವರಿಗೆ ಟೈಮಿನ ಬೆಲೆ ಗೊತ್ತಿಲ್ಲ ಅಂದರೆ ಒಪ್ಪುವುದು ಹೇಗೆ? ಅವರು ಯಾಕೆ ಐದಕ್ಕೆ ಬರುತ್ತಾರೆ ಅಂದರೆ, ಮೊದಲು ಬಂದವರಿಗೆ ಮೊದಲು ಅಂತ ನಿಯಮ ಇಟ್ಟವರು ನೀವು. ಆ ನಿಯಮದಲ್ಲಿ ಎಂಟಕ್ಕೆ ಬಂದವನಿಗೆ ನಷ್ಟ, ಐದಕ್ಕೆ ಬಂದವನಿಗೆ ಲಾಭ. ಹತ್ತಕ್ಕೆ ಬಂದವನು ಹೇಗೂ ಸಂಜೆ ತನಕ ಕಾಯಬೇಕು, ಹಾಗಾಗಿ ಅವನು ಹನ್ನೊಂದಕ್ಕೆ ಬಂದರೂ ಒಂದೇ. ಹೊತ್ತಲ್ಲದ ಹೊತ್ತಿಗೆ ಬರುವುದನ್ನು ಕಲಿಸಿದ್ದು ನಿಮ್ಮ ಸಾಲು. ಸಾಲಿನಿಂದ ಆದ ಅಭ್ಯಾಸವನ್ನು ಡ್ರೈವರ್‌ನ ಗುಣ ಅಂದುಕೊಂಡಿದ್ದೀರಿ.

ಇನ್ನೊಂದು ಕಡೆಯಿಂದ ನೋಡಿ. ನಿಮ್ಮಲ್ಲಿಂದಲೇ ಕಂಟೇನರ್ ತುಂಬಿ ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗುತ್ತೆ ಅಲ್ವಾ? ಅಲ್ಲಿ ಪ್ರತಿ ಹಡಗಿಗೂ ಗೇಟ್ ಮುಚ್ಚುವ ಟೈಮ್ ಇದೆ. ಅದು ದಾಟಿದರೆ ಕಂಟೇನರ್ ಆ ಹಡಗಿಗೆ ಹೋಗುವುದಿಲ್ಲ. ಡ್ರೈವರ್ ಮಡಿಕೇರಿಯ ಮಂಜಿನಲ್ಲಿ ಹೋಗಬೇಕು, ಸಂಪಾಜೆ ಘಾಟಿ ಇಳಿಯಬೇಕು, ಎದುರಿಗೆ ಬರುವ ಬಸ್ಸಿಗೆ ತಿರುವಿನಲ್ಲಿ ದಾರಿ ಬಿಡಬೇಕು. ಆದರೂ ಟೈಮಿಗೆ ತಲುಪುತ್ತಾನೆ. ಬಂದರಿಗೆ ಟೈಮಿಗೆ ಹೋಗುವ ಮನುಷ್ಯ ನಿಮ್ಮ ಗೇಟಿಗೆ ಮಾತ್ರ ಬರುವುದಿಲ್ಲ ಅಂದರೆ, ತಪ್ಪು ಹುಡುಕಬೇಕಾದ್ದು ನಿಮ್ಮ ಗೇಟಿನಲ್ಲಿ.

ಈಗ ಲೆಕ್ಕ. ಪೆನ್ನು ತಗೊಂಡು ನನ್ನ ಜೊತೆ ಹಾಕಿ. ಬೆಳಿಗ್ಗೆ 8ರಿಂದ ಸಂಜೆ 6, ಊಟಕ್ಕೆ ಒಂದು ಗಂಟೆ ಕಳೆದರೆ 9 ಗಂಟೆ ಕೆಲಸ. ಪಿಕಪ್, ಲಾರಿ ಎಲ್ಲ ಸೇರಿ ಒಂದು ಗಾಡಿ ಇಳಿಸಲು ಸರಾಸರಿ 40 ನಿಮಿಷ ಅಂತ ಇಟ್ಟುಕೊಳ್ಳಿ. ಎರಡು ಕಟ್ಟೆಯಲ್ಲಿ ಗಂಟೆಗೆ 3 ಗಾಡಿ, ದಿನಕ್ಕೆ 27. ಬರುವುದು 24 ಗಾಡಿ. ಅಂದರೆ ಕಟ್ಟೆ ಸಾಕು. ಆದರೆ 24 ಗಾಡಿಯೂ ಎಂಟರ ಒಳಗೆ ಬಂದು ನಿಂತರೆ, ಕೊನೆಯ ಎರಡು ಗಾಡಿಗಳು ಹನ್ನೊಂದು ಸುತ್ತು ಮುಗಿಯುವ ತನಕ ಕಾಯಬೇಕು. ಅದು 440 ನಿಮಿಷ. ಊಟದ ಒಂದು ಗಂಟೆ ಸೇರಿಸಿದರೆ 8 ಗಂಟೆ 20 ನಿಮಿಷ. ಊಟದ ಹೊತ್ತು ಬಿಟ್ಟೂ ಒಂದು ಗಾಡಿಗೆ ಸರಾಸರಿ 3 ಗಂಟೆ 40 ನಿಮಿಷ ಕಾಯುವ ಕೆಲಸ.

ಅದೇ 24 ಗಾಡಿಗೆ ಗಂಟೆಗೆ ಮೂರರಂತೆ ಟೈಮ್ ಕೊಡಿ. ನಿಮಿಷ ಹೇಳಬೇಡಿ, "ಹತ್ತರಿಂದ ಹನ್ನೊಂದರ ಒಳಗೆ ಬನ್ನಿ" ಅನ್ನಿ. ಮೂರೂ ಗಾಡಿ ಗಂಟೆಯ ಶುರುವಿಗೇ ಒಟ್ಟಿಗೆ ಬಂದರೂ ಯಾರೂ 40 ನಿಮಿಷಕ್ಕಿಂತ ಜಾಸ್ತಿ ಕಾಯುವುದಿಲ್ಲ. ಸರಾಸರಿ 20 ನಿಮಿಷ. ಅದೇ ಕಟ್ಟೆ, ಅದೇ ಹಮಾಲಿಗಳು, ಅದೇ ಡ್ರೈವರ್‌ಗಳು. ಎಂಟು ಗಂಟೆಯಲ್ಲಿ 24 ಗಾಡಿ ಮುಗಿದು, ದಿನಕ್ಕೆ ಒಂದು ಗಂಟೆ ಖಾಲಿ ಉಳಿಯುತ್ತೆ. ತಡವಾಗಿ ಬಂದವರಿಗೆ ಆ ಗಂಟೆ. ಕಟ್ಟೆಗೆ ಬರುವ ಗಾಡಿಗೆ ಕೊಡುವ ಟೈಮ್ ರೈಲಿನ ಟೈಮ್ ಥರ ಅಲ್ಲ. ಎಂಟರಲ್ಲಿ ಒಬ್ಬ ತಪ್ಪಿಸಿಕೊಂಡರೂ ನಡೆಯುತ್ತೆ.

ಆ ಖಾಲಿ ಗಂಟೆ ನೋಡಿ ಯಜಮಾನರಿಗೆ ಹೊಟ್ಟೆ ಉರಿಯುತ್ತೆ, ಅದನ್ನೂ ತುಂಬಿಸಿ ಅನ್ನುತ್ತಾರೆ. ದಯವಿಟ್ಟು ಬೇಡ. ಸಾಲುಗಳ ಲೆಕ್ಕ ಹುಟ್ಟಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ. ಅಲ್ಲಿದ್ದ ಅಗ್ನರ್ ಎರ್ಲಾಂಗ್ 1909ರಲ್ಲೇ ಕರೆಗಳ ಮೇಲೆ ಲೇಖನ ಬರೆದ. ಅಲ್ಲಿಂದ ಬೆಳೆದ ಸರಳ ಸೂತ್ರ ಹೀಗಿದೆ: ಒಂದೇ ಕಟ್ಟೆ ಇದ್ದು ಗಾಡಿಗಳು ಮನಸ್ಸು ಬಂದಾಗ ಬರುತ್ತವೆ, ಇಳಿಸುವ ಹೊತ್ತೂ ಹೆಚ್ಚುಕಡಿಮೆ ಆಗುತ್ತೆ ಅಂದಾಗ, ಕಟ್ಟೆ ಶೇ. 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಸರಾಸರಿ ಕಾಯುವಿಕೆ ಇಳಿಸುವ ಹೊತ್ತಿನ 4 ಪಟ್ಟು. ಶೇ. 90 ಆದರೆ 9 ಪಟ್ಟು. ಶೇ. 95 ಆದರೆ 19 ಪಟ್ಟು. ತೊಂಬತ್ತರ ಮೇಲೆ ಇನ್ನೈದು ಪರ್ಸೆಂಟ್ ತುಂಬಿಸಲು ಹೋಗಿ ಸಾಲನ್ನು ಎರಡರಷ್ಟು ಮಾಡಿಕೊಳ್ಳುತ್ತೀರಿ.

ಹಾಗಾದರೆ ಟೈಮ್ ಕೊಟ್ಟೂ ಸೋತವರು ಇದ್ದಾರಲ್ಲ ಅಂತ ಕೇಳುತ್ತೀರಿ. ಇದ್ದಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ಹೆಸರು ಬೇಡ. ಒಂದು ಕಡೆ ಸೋಮವಾರ ಎಲ್ಲರಿಗೂ ಟೈಮ್ ಕೊಟ್ಟರು, ಚೆನ್ನಾಗಿ ನಡೆಯಿತು. ಮಂಗಳವಾರ ಹತ್ತು ಗಂಟೆಗೆ ದೊಡ್ಡ ತೋಟದ ಎರಡು ಲಾರಿ ಟೈಮ್ ತೆಗೆದುಕೊಳ್ಳದೆ ಬಂದವು. ಮ್ಯಾನೇಜರ್ ಗೇಟಿಗೆ ಫೋನ್ ಮಾಡಿ "ಒಳಗೆ ಬಿಡಿ" ಅಂದರು. ಹತ್ತಕ್ಕೆ ಟೈಮ್ ಇದ್ದ ಪಿಕಪ್ ಹುಡುಗ ಮಧ್ಯಾಹ್ನ ಎರಡರ ತನಕ ನಿಂತ. ಗುರುವಾರ ಬೆಳಿಗ್ಗೆ ಐದಕ್ಕೆ ಮತ್ತೆ ಅದೇ ಸಾಲು. ಆಮೇಲೆ ಎಲ್ಲರೂ ಹೇಳಿದ್ದು, ನಮ್ಮ ಕಡೆಯ ಡ್ರೈವರ್‌ಗಳು ಸರಿ ಇಲ್ಲ ಅಂತ. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಾತು ಮುರಿದವರು ಒಳಗಿದ್ದರು, ಬೈಸಿಕೊಂಡವರು ಹೊರಗಿದ್ದರು. ಸಾಫ್ಟ್‌ವೇರ್ ಮಾಡಿಸುವ ದಿನವೇ ನೀವು ಒಂದು ತೀರ್ಮಾನ ಮಾಡಿ: ಟೈಮ್ ಇಲ್ಲದೆ ಬಂದ ಗಾಡಿ ಯಾರದ್ದೇ ಆಗಲಿ, ಖಾಲಿ ಜಾಗ ಇದ್ದರೆ ಮಾತ್ರ ಒಳಗೆ.

ರೆಡಿ ಸಿಗುವುದನ್ನು ತಗೊಳ್ಳಬೇಕಾ, ನಮಗೇ ಅಂತ ಮಾಡಿಸಬೇಕಾ? ದಿನಕ್ಕೆ ಹತ್ತು ಗಾಡಿಗಿಂತ ಕಡಿಮೆ ಇದ್ದರೆ ಎರಡೂ ಬೇಡ. ಒಂದು ಗೂಗಲ್ ಶೀಟ್, ಫೋನ್ ಹಿಡಿಯಲು ಒಬ್ಬರು, ಅಷ್ಟೇ ಸಾಕು. ನಿಮ್ಮಷ್ಟು ಗಾಡಿ ಇದ್ದರೆ ಮಾಡಿಸುವುದೇ ಒಳ್ಳೆಯದು. ರೆಡಿ ಸಿಗುವ ಹಲವು ಕಟ್ಟೆಯೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಕಾಫಿಯಲ್ಲಿ ಕಟ್ಟೆಗೆ ಮುಂಚೆ ವೇಬ್ರಿಡ್ಜ್ ಇದೆ, ಸ್ಯಾಂಪಲ್ ಇದೆ. ಪ್ರತಿ ಗಾಡಿ ವೇಬ್ರಿಡ್ಜ್ ಮೇಲೆ ಎರಡು ಸಲ ಹತ್ತುತ್ತೆ, ಲೋಡ್ ತೂಕಕ್ಕೆ ಒಮ್ಮೆ, ಖಾಲಿ ತೂಕಕ್ಕೆ ಒಮ್ಮೆ. ಲೋಡ್ ತೂಕ ಆದಮೇಲೆ ಚೀಲ ಚುಚ್ಚಿ ಸ್ಯಾಂಪಲ್ ತೆಗೆದು ತೇವಾಂಶ ನೋಡುತ್ತೀರಿ. ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಹಣ್ಣು, 11 ಪರ್ಸೆಂಟ್ ಇರಬೇಕಾದಲ್ಲಿ 14 ಬಂದರೆ ಮಾತು ಶುರು, ಫೋನ್ ಶುರು. ಆ ಗಾಡಿ ಕಟ್ಟೆಗೆ ತಾಗಿ ನಿಂತೇ ಜಗಳ ನಡೆದರೆ ನಿಮ್ಮ 40 ನಿಮಿಷ ಹೋಯಿತು. ಸ್ಯಾಂಪಲ್ ಪಾಸಾಗುವ ತನಕ ಕಟ್ಟೆ ಕೊಡಬಾರದು ಅನ್ನುವುದು ಸಾಫ್ಟ್‌ವೇರ್ ಒಳಗೇ ಇರಬೇಕು.

ದರದ ವಿಷಯ ಇದಕ್ಕಿಂತ ದೊಡ್ಡದು. ಬೆಳೆಯನ್ನು ಮಂಡಳಿಗೇ ಕೊಡಬೇಕಿದ್ದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಪೂರ್ತಿ ಹೋಗಿ ಮಾರಾಟ ಮುಕ್ತವಾದದ್ದು 1996ರಲ್ಲಿ. ಅಲ್ಲಿಂದ ಬೆಳೆಗಾರರು ದಿನದ ದರ ನೋಡಿ ಮಾರುತ್ತಾರೆ. ಬೆಳಿಗ್ಗೆ ಚೀಲಕ್ಕೆ ದರ ಏರಿತು ಅಂದರೆ ಕಣದಲ್ಲಿ ಒಣಗಿಸಿ ತುಂಬಿಟ್ಟಿದ್ದೆಲ್ಲ ಅವತ್ತೇ ಪಿಕಪ್ ಹತ್ತುತ್ತೆ. ಅವರಿಗೆ "ನಾಳಿದ್ದು ಹತ್ತಕ್ಕೆ ಬನ್ನಿ" ಅಂದರೆ, ನಾಳಿದ್ದು ದರ ಬಿದ್ದರೆ ಯಾರು ಕೊಡುತ್ತಾರೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬುಕ್ ಮಾಡಿದ ದಿನದ ದರವಾ, ಇಳಿಸಿದ ದಿನದ ದರವಾ ಅನ್ನುವುದನ್ನು ಮೊದಲೇ ಹೇಳಿ, ಮೆಸೇಜಿನಲ್ಲೇ ಬರೆದು ಕಳಿಸಿ. ನನ್ನನ್ನು ಕೇಳಿದರೆ ಬುಕ್ ಮಾಡಿದ ದಿನದ ದರ ಕೊಡಿ, ಎರಡು ದಿನದ ಗಡುವು ಇಡಿ. ಇದೊಂದು ಸರಿ ಮಾಡಿದರೆ ಸಾಲಿನ ಅರ್ಧ ತಲೆನೋವು ಹೋಗುತ್ತೆ.

ಉಳಿದದ್ದು ನಮ್ಮ ಊರಿನ ಸಂಗತಿಗಳು, ಬೆಂಗಳೂರಿನಲ್ಲಿ ಕೂತು ಬರೆಯುವ ಹುಡುಗರಿಗೆ ನೀವೇ ಹೇಳಬೇಕು. ಕುಟ್ಟ, ಶ್ರೀಮಂಗಲದ ಕಡೆಯ ಗಾಡಿಗೆ ಎಂಟರ ಟೈಮ್ ಕೊಡಬೇಡಿ. ಬೆಳಕು ಹರಿಯುವ ಮುಂಚೆ ಆನೆ ಓಡಾಡುವ ರಸ್ತೆಯಲ್ಲಿ ಅವರು ಹೊರಡಬಾರದು. ಸುಗ್ಗಿ ಹಬ್ಬ ಪುತ್ತರಿಗೆ ಕೆಲಸದವರು ಇರುವುದಿಲ್ಲ, ಅದು ಕ್ಯಾಲೆಂಡರಿನಲ್ಲಿ ಇರಲಿ. ಕಂಟೇನರ್ ತುಂಬುವುದಾದರೆ 60 ಕೆಜಿಯ 320 ಚೀಲ, ಅದಕ್ಕೆ 40 ನಿಮಿಷ ಸಾಲದು, ಬೇರೆಯೇ ಲೆಕ್ಕ ಇಡಿ. ನೆಟ್‌ವರ್ಕ್ ಹೋದರೂ ಗೇಟಿನ ಪರದೆಯಲ್ಲಿ ಅವತ್ತಿನ ಪಟ್ಟಿ ಕಾಣುತ್ತಿರಬೇಕು. ತೋಟದ ಲೆಕ್ಕ ಬರೆಯುವ ರೈಟರ್‌ಗಳು ಆ್ಯಪ್ ಹಾಕಿಕೊಳ್ಳುವುದಿಲ್ಲ, ಫೋನ್ ಮಾಡುತ್ತಾರೆ ಇಲ್ಲವೇ ವಾಟ್ಸಾಪ್ ಮಾಡುತ್ತಾರೆ. ಮೆಸೇಜ್ ಕನ್ನಡದಲ್ಲೂ ಮಲಯಾಳದಲ್ಲೂ ಹೋಗಲಿ.

ಈಗ ಆ ಪುಸ್ತಕ. ನಾಲ್ಕು ಕಾಲಂ ಎಳೆಯಿರಿ: ಗೇಟಿಗೆ ಬಂದ ಟೈಮ್, ಕಟ್ಟೆಗೆ ತಾಗಿದ ಟೈಮ್, ಕಟ್ಟೆ ಬಿಟ್ಟ ಟೈಮ್, ಗೇಟ್ ದಾಟಿದ ಟೈಮ್. ಎರಡು ವಾರ ಬರೆದರೆ ನಿಮ್ಮ 40 ನಿಮಿಷ ನಿಜವಾಗಿ 40ಆ, 65ಆ ಅಂತ ಗೊತ್ತಾಗುತ್ತೆ. ಮೊದಲ ಎರಡು ಕಾಲಂಗಳ ನಡುವೆ ಹೊತ್ತು ಹೋಗುತ್ತಿದ್ದರೆ ಸಾಲು, ವೇಬ್ರಿಡ್ಜ್, ಸ್ಯಾಂಪಲ್ ನೋಡಿ. ನಡುವಿನ ಎರಡರಲ್ಲಾದರೆ ಹಮಾಲಿಗಳು ಸಾಲದು. ಕೊನೆಯ ಎರಡರಲ್ಲಾದರೆ ರಶೀದಿ ಬರೆಯುವ ಟೇಬಲ್ ನೋಡಿ. ಈ ಹಾಳೆಗಳಿಲ್ಲದೆ ಸಾಫ್ಟ್‌ವೇರ್‌ನವರ ಮುಂದೆ ಸುಮ್ನೆ ಕೂರಬೇಡಿ.

ನೀವು ಕೇಳದ ಒಂದು ವಿಷಯ ಇದೆ, ಹೇಳದೆ ಬಿಡಲಾರೆ. ಸಾಲಿನಲ್ಲಿ ನಿಂತ ಡ್ರೈವರ್ ಎಲ್ಲಿ ಕೂರುತ್ತಾನೆ? ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬರೆದಿತ್ತು. ನಮ್ಮ ಲೆಕ್ಕದ ಕೊನೆಯ ಗಾಡಿಯವನು ಗಾಡಿ ಓಡಿಸದೆಯೇ ಎಂಟು ಗಂಟೆ ಮುಗಿಸಿದ್ದಾನೆ, ಇನ್ನು ಸಂಜೆ ವಾಪಸ್ ಹೋಗಬೇಕು. ಮಾರ್ಚಿನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬಂದರೆ ತೋಟದಲ್ಲಿ ಎಲ್ಲರಿಗೂ ಖುಷಿ. ಆಗ ಸಾಲಿನಲ್ಲಿ ಟಾರ್ಪಾಲಿನ ಹಗ್ಗ ಎಳೆದು ಕಟ್ಟುತ್ತಾ ಒದ್ದೆಯಾಗುವವನು ಇವನು. ಗೇಟಿನಲ್ಲಿದ್ದಾಗ ನನ್ನ ಬಳಿ ಜನ ಹೆಚ್ಚು ಸಲ ಕೇಳಿದ ಪ್ರಶ್ನೆ "ನಮ್ಮ ಸರದಿ ಯಾವಾಗ" ಅಲ್ಲ. "ಟಾಯ್ಲೆಟ್ ಎಲ್ಲಿದೆ" ಅಂತ. ಆಫೀಸಿನವರದ್ದನ್ನು ತೋರಿಸಲು ನನಗೆ ಅನುಮತಿ ಇರಲಿಲ್ಲ.

ಸಾಲು ಪೂರ್ತಿ ಹೋಗುವುದಿಲ್ಲ, ಇಪ್ಪತ್ತು ನಿಮಿಷದ್ದಾದರೂ ಉಳಿಯುತ್ತೆ. ಗೇಟಿನ ಪಕ್ಕ ಒಂದು ಶೀಟಿನ ಮಾಡು, ಒಂದು ಬೆಂಚು, ಕುಡಿಯುವ ನೀರಿನ ನಲ್ಲಿ, ಒಂದು ಟಾಯ್ಲೆಟ್ ಮಾಡಿಸಿ. ಸಾಫ್ಟ್‌ವೇರ್‌ಗೆ ಮುಂಚೆ ಇದನ್ನೇ ಮಾಡಿಸಿದರೂ ಸರಿ. ಟಾಯ್ಲೆಟ್ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಇರಲಿ, ಹೊರಗಿನಿಂದ ಬೀಗ ಬೇಡ.